ಗುರುತಿಲ್ಲದ ನಲವತ್ತು ಹೆಜ್ಜೆ

ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಜೋಲೀನ್ ಐವಿನ್ಸ್ ಶೆರಿಫ್ ಕಚೇರಿಗೆ ಫೋನ್ ಮಾಡಿ, ಸೈಕಲ್ ಸವಾರಿಗೆ ಹೋದ ಗಂಡ ವಾಪಸು ಬಂದಿಲ್ಲ ಎಂದು ತಿಳಿಸಿದಳು. ಜೂನ್ ತಿಂಗಳ ಮೂರನೆಯ ಶನಿವಾರ. ರೀಡ್ ಐವಿನ್ಸ್‌ಗೆ ಮೂವತ್ತೆಂಟು ವರ್ಷ, ಪೇಟೆಯ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್. ಹತ್ತು ಗಂಟೆಗೆ ಅಂಗಡಿಯ ಬಾಗಿಲು ತೆಗೆಯಬೇಕಾದವನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಡಮಾಡಿರಲಿಲ್ಲ.

ಆರು ಗಂಟೆಗೆ ಸವಾರರನ್ನು ಒಯ್ಯುವ ವ್ಯಾನ್ ಅವನನ್ನು ಬೆಟ್ಟದ ನೆತ್ತಿಯಲ್ಲಿ ಇಳಿಸಿತ್ತು. ಎತ್ತರ ಮೂರು ಸಾವಿರದ ಮುನ್ನೂರು ಮೀಟರ್. ಮರಗಳ ನೆರಳಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಮೂರು ಡಿಗ್ರಿ ಚಳಿ. ಅಲ್ಲಿಂದ ಹಾದಿ ನಲವತ್ತು ಕಿಲೋಮೀಟರ್ ಇಳಿದು, ಕಾಡು ದಾಟಿ, ಕುರುಚಲು ದಾಟಿ, ಕೆಂಪು ಬಂಡೆಯ ಮರಳುಗಾಡಿನಲ್ಲಿ ನದಿ ದಂಡೆ ಸೇರುತ್ತದೆ. ಆ ಮಧ್ಯಾಹ್ನ ನದಿಯ ಬಳಿ ನಲವತ್ತೆರಡು ಡಿಗ್ರಿ ಬಿಸಿಲು. ರೀಡ್ ಒಯ್ದಿದ್ದು ಎರಡು ಲೀಟರ್ ನೀರು. ಎಂಟಕ್ಕೆ ಹತ್ತು ನಿಮಿಷ ಇರುವಾಗ ನಡುದಾರಿಯ ದನದ ಗೇಟಿನ ಹತ್ತಿರ ಇಬ್ಬರು ಸವಾರರು ಅವನನ್ನು ಕಂಡು ಮಾತಾಡಿಸಿದ್ದರು. ಆಮೇಲೆ ಕಂಡವರಿಲ್ಲ.

ಹನ್ನೊಂದೂ ನಲವತ್ತಕ್ಕೆ ಥೇನ್ ಬ್ರಿಂಗ್‌ಹರ್ಸ್ಟ್‌ಗೆ ಕರೆ ಹೋಯಿತು. ಥೇನ್‌ಗೆ ಐವತ್ತೆರಡು. ಸರ್ಕಾರಿ ಭೂಮಿಯ ಸೈಕಲ್ ಹಾದಿಗಳನ್ನು ಕಡಿದು ರಿಪೇರಿ ಮಾಡುವ ತಂಡದ ಮೇಸ್ತ್ರಿ. ಹದಿನೇಳು ವರ್ಷದಿಂದ ಶೋಧ ದಳದ ಸ್ವಯಂಸೇವಕ. ಗೇಟು ದಾಟಿದ ಮೇಲೆ ರೀಡ್ ಕಾಣೆಯಾಗಿದ್ದಾನೆ ಎಂದು ಕೇಳಿದ ಕ್ಷಣವೇ ಅವನು ಎಲ್ಲಿದ್ದಾನೆಂದು ಥೇನ್‌ಗೆ ಹೊಳೆಯಿತು.

ಗೇಟಿನಿಂದ ಮೂರು ಕಿಲೋಮೀಟರ್ ಕೆಳಗೆ ನುಣುಪಾದ ಬಂಡೆಯ ಹಾಸು ಇದೆ. ಅದರ ಎಡ ಅಂಚಿನಿಂದ ಇನ್ನೊಂದು ಹಾದಿ ಹೊರಟು ಒಂದು ಕಿರುಕಣಿವೆಗೆ ಇಳಿಯುತ್ತದೆ. ಅದು ಯಾವ ನಕ್ಷೆಯಲ್ಲೂ ಇಲ್ಲ. ಹದ್ದುಗಳು ಗೂಡು ಕಟ್ಟುವ ಜಾಗವೆಂದು ಆ ಕಣಿವೆಗೆ ಪ್ರವೇಶ ನಿಷೇಧ. ಥೇನ್ ಮತ್ತು ರೀಡ್ ಇಬ್ಬರೇ ಸೇರಿ ಐದು ಚಳಿಗಾಲ ಅದನ್ನು ಕಡಿದಿದ್ದರು.

ಕದ್ದು ಹಾದಿ ಮಾಡುವವರಲ್ಲಿ ಒಂದು ಪದ್ಧತಿ ಇದೆ. ಹಾದಿಯ ಬಾಯಿಯನ್ನು ಕಡಿಯುವುದಿಲ್ಲ. ಮೊದಲ ನಲವತ್ತು ಹೆಜ್ಜೆ ಸೈಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ಬರಿಯ ಬಂಡೆಯ ಮೇಲೆಯೇ ಕಾಲಿಡುತ್ತ ನಡೆಯಬೇಕು, ಮರಳು ಮುಟ್ಟಬಾರದು. ಆಚೆ ಜೂನಿಪರ್ ಪೊದೆಗಳ ಹಿಂದೆ ಹಾದಿ ಶುರು. ಹೊರಗಿನಿಂದ ನೋಡಿದರೆ ಅಲ್ಲಿ ಏನೂ ಇಲ್ಲ.

ಹೋದ ವರ್ಷ ಇಂಥದೇ ಕೆಲಸ ಮಾಡಿದ ಇಬ್ಬರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದವನು ಥೇನ್. ಇಬ್ಬರಿಗೂ ಮೂರು ತಿಂಗಳು ಸಜೆಯಾಗಿತ್ತು.

ಹನ್ನೆರಡೂ ಐವತ್ತಕ್ಕೆ ಬಂಡೆಹಾಸಿನ ಅಂಚಿನಲ್ಲಿ ವರ್ಲಾ ಹ್ಯಾಸ್ಲಮ್ ಮೊಣಕಾಲೂರಿ ಮರಳು ನೋಡುತ್ತಿದ್ದಳು. ಅರವತ್ತಾರು ವರ್ಷದ ದನಗಾರ್ತಿ. ಹೆಜ್ಜೆ ಗುರುತು ಓದುವುದರಲ್ಲಿ ಕೌಂಟಿಯಲ್ಲಿ ಅವಳಿಗೆ ಸಮ ಯಾರೂ ಇಲ್ಲ. ಥೇನ್ ಚಿಕ್ಕವನಿದ್ದಾಗ ಭಾನುವಾರಗಳಂದು ಚರ್ಚಿನಲ್ಲಿ ಅವನಿಗೆ ಪಾಠ ಹೇಳಿದವಳೂ ಅವಳೇ.

"ಲಮಾರ್, ಆ ಬೂಟು ಆಚೆ ತೆಗಿ. ಎಮ್ಮೆ ನಡೆದ ಹಾಗೆ ನಡೀತೀಯ, ಆಮೇಲೆ ಗುರುತು ಎಲ್ಲಿ ಅಂತ ನನ್ನನ್ನೇ ಕೇಳ್ತೀಯ."

ಶೋಧದ ಉಸ್ತುವಾರಿ ಹೊತ್ತಿದ್ದ ಡೆಪ್ಯುಟಿ ಲಮಾರ್ ಟಟಲ್ ಎರಡು ಹೆಜ್ಜೆ ಹಿಂದೆ ಸರಿದ. "ಎಮ್ಮೆ ಅಲ್ಲ ಅಜ್ಜಿ, ನೂರಾಹತ್ತು ಕಿಲೋ ಕಾನೂನು. ಏನ್ ಕಾಣ್ತಾ ಇದೆ ಹೇಳಿ."

"ಮುಂದಿನ ಟೈರು ಹೊಸದು ಅಂದ್ಳಲ್ಲ ಅವನ ಹೆಂಡ್ತಿ. ಆ ಟೈರು ಬಂಡೆ ಹತ್ತಿದೆ, ಅದು ಖಂಡಿತ. ಬಂಡೆ ಇಳಿದ ಮೇಲೆ ಅಲ್ಲಿ ಎಂಟು ಸೈಕಲ್ ಹೋಗಿವೆ. ಒಂದು ಇದೇ ಥರ ಇದೆ. ಅವನದೇ ಅಂತ ಆಣೆ ಮಾಡೋಕೆ ಮಾತ್ರ ನಾನು ತಯಾರಿಲ್ಲ." ವರ್ಲಾ ಸೊಂಟ ಹಿಡಿದುಕೊಂಡು ಎದ್ದು ಥೇನ್ ಕಡೆ ತಿರುಗಿದಳು. "ನಿನಗೆ ಈ ಬಂಡೆ ಗೊತ್ತಲ್ಲೋ. ಇಲ್ಲಿಂದ ಬೇರೆ ಎಲ್ಲಿಗಾದ್ರೂ ಹೋಗೋಕಾಗುತ್ತಾ? ಆ ಎಡಗಡೆ?"

ಕೆಳಗೂ ಹೋಗಿರಬಹುದಲ್ಲ ಎಂದು ಥೇನ್ ಯೋಚಿಸುತ್ತಿದ್ದ. ಒಬ್ಬನೇ ಆ ಕಣಿವೆಗೆ ಇಳಿಯಬಾರದು ಎಂದು ಇಬ್ಬರೂ ಮಾತು ಕೊಟ್ಟುಕೊಂಡಿದ್ದರು. ಅರ್ಧ ಗಂಟೆ ಕೆಳಗೆ ಹುಡುಕಲಿ. ಅಲ್ಲಿ ಸಿಕ್ಕಿದರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

"ಇಲ್ಲ," ಎಂದ. "ಆ ಕಡೆ ಬರೀ ಪ್ರಪಾತ."

"ಪ್ರಪಾತದ ಅಂಚಿಗೆ ಹೋಗಿ ನೋಡೋದಾ?" ಲಮಾರ್ ಕೇಳಿದ.

"ನಾನು ನೋಡಿದೆ. ಏನೂ ಇಲ್ಲ."

ವರ್ಲಾ ಮತ್ತೊಮ್ಮೆ ಎಡಗಡೆ ನೋಡಿದಳು. ಬಂಡೆಯ ಸೀಳುಗಳಲ್ಲಿ ತುಂಬಿಕೊಂಡ ಮರಳು ಎಲ್ಲೂ ಕಲಕಿರಲಿಲ್ಲ. "ಹಾಗಾದ್ರೆ ಕೆಳಗೇ," ಎಂದಳು. ಹನ್ನೊಂದು ಜನರ ದಳ ಕೆಳಗೆ ಇಳಿಯಿತು.

ಅರ್ಧ ಗಂಟೆ ಒಂದು ಗಂಟೆಯಾಯಿತು. ಪ್ರತಿ ತಿರುವಿನಲ್ಲೂ ಇಳುಕಲಿಗೆ ಇಣುಕಿ ಕೂಗುತ್ತಿದ್ದರು. ದಳದವರಲ್ಲೇ ಒಬ್ಬಳಿಗೆ ಬಿಸಿಲು ಬಡಿದು ಅವಳನ್ನು ಜೀಪಿನಲ್ಲಿ ಮಲಗಿಸಬೇಕಾಯಿತು. ಎರಡೂ ಹತ್ತಕ್ಕೆ ಅದೇ ಜೀಪಿನಲ್ಲಿ ಥೇನ್ ನದಿ ದಂಡೆಯಲ್ಲಿದ್ದ ದಳದ ಬಿಡಾರ ಮುಟ್ಟಿದಾಗ ಜೋಲೀನ್ ಅಲ್ಲಿದ್ದಳು. ದಳದವರಿಗೆಂದು ಐಸ್ ಡಬ್ಬಿಯ ತುಂಬ ನೀರು, ಕತ್ತರಿಸಿದ ಕಲ್ಲಂಗಡಿ ತಂದಿದ್ದಳು.

"ತಗೋ, ತಿನ್ನು. ಮುಖ ನೋಡ್ಕೊಂಡಿದ್ದೀಯಾ? ಸುಣ್ಣ ಬಳಿದ ಹಾಗಿದೆ."

"ಬೇಡ ಜೋಲೀನ್."

"ನೀನು ಬಂದಿದ್ದೀಯ ಅಂತ ಲಮಾರ್ ಹೇಳಿದ ಮೇಲೆನೇ ನನಗೆ ಉಸಿರು ಬಂದಿದ್ದು. ಆ ಬೆಟ್ಟದಲ್ಲಿ ನಾನೇನಾದ್ರೂ ಬಿದ್ರೆ ಥೇನ್‌ಗೆ ಹೇಳಿ, ಅವನು ಕಣ್ಣು ಮುಚ್ಕೊಂಡು ಬಂದು ಎತ್ಕೊಂಡು ಹೋಗ್ತಾನೆ ಅಂತಾನೆ ರೀಡ್. ಯಾವಾಗಲೂ ಅದೇ ಮಾತು."

ಥೇನ್ ಲಮಾರ್ ಹತ್ತಿರ ಹೋದ. ಹೇಳಿಬಿಡಬೇಕೆಂದೇ ಹೋದದ್ದು ಎಂದು ಆಮೇಲೆ ಹೇಳಿಕೆಯಲ್ಲಿ ಬರೆಸಿದ್ದಾನೆ. ಬಾಯಿಂದ ಬಂದದ್ದು ಬೇರೆ.

"ಮೇಲೆ ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ. ನಿನ್ನ ಮೋಟರ್‌ಬೈಕ್ ಕೊಡು."

"ಇಬ್ಬರನ್ನ ಕರ್ಕೊಂಡು ಹೋಗು. ಸ್ಟ್ರೆಚರ್ರೂ ಇರಲಿ."

"ಸುಮ್ನೆ ಕಣ್ಣು ಹಾಯಿಸಿ ಬರೋಕೆ ಸ್ಟ್ರೆಚರ್ ಯಾಕೆ? ಜನ ಇಲ್ಲೇ ಇರಲಿ."

ಜೀಪು ದಾರಿಯಲ್ಲಿ ಸುತ್ತು ಹಾಕಿ ಬಂಡೆಹಾಸಿನ ಬುಡಕ್ಕೆ ಬಂದಾಗ ಎರಡೂ ನಲವತ್ತು. ಥೇನ್ ಬಂಡೆಯ ಮೇಲೆ ನಲವತ್ತು ಹೆಜ್ಜೆ ಓಡಿದ. ಪೊದೆಯ ಹಿಂದೆ, ಹಾದಿಯ ಮೊದಲ ಮಣ್ಣಿನಲ್ಲಿ ಹೊಸ ಟೈರಿನ ಗುರುತು ಅಚ್ಚೊತ್ತಿದಂತಿತ್ತು.

ರೀಡ್ ಬಿದ್ದದ್ದು ಎರಡನೆಯ ಇಳಿಜಾರಿನ ಕೆಳಗೆ. ಥೇನ್ ಜೋಡಿಸಿದ್ದ ಕಲ್ಲಿನ ಮೆಟ್ಟಿಲಿನ ಒಂದು ಕಲ್ಲು ಕಿತ್ತು ಬಂದಿತ್ತು. ಸೈಕಲ್ ನಾಲ್ಕು ಮೀಟರ್ ಆಚೆ ಬಿದ್ದಿತ್ತು. ಬಂಡೆಯ ನೆರಳು ಬೆಳಿಗ್ಗೆ ಅವನ ಮೇಲಿದ್ದಿರಬೇಕು, ಈಗ ಇರಲಿಲ್ಲ. ಸೊಂಟದ ಮೂಳೆ ಮುರಿದಿತ್ತು, ಹೊಟ್ಟೆ ಉಬ್ಬಿತ್ತು. ನೀರಿನ ಚೀಲ ಖಾಲಿ. ಕಣ್ಣು ತೆರೆದಿದ್ದ. ಆಗ ಸಮಯ ಮೂರೂ ಐದು.

"ಬಂದ್ಯಾ," ಎಂದ ರೀಡ್. "ಎಷ್ಟೊತ್ತು ಮಾರಾಯ."

"ಮಾತಾಡಬೇಡ. ನೀರು ಕುಡಿ, ಸ್ವಲ್ಪ ಸ್ವಲ್ಪ."

"ವರ್ಲಾ ಬಂದಿದ್ದಾರಾ?"

"ಬಂದಿದ್ದಾರೆ."

"ಗುರುತು ಸಿಕ್ಕಿತಾ ಅವರಿಗೆ?"

"ಇಲ್ಲ."

ರೀಡ್‌ನ ತುಟಿ ಒಂದು ಬದಿಗೆ ಎಳೆದುಕೊಂಡಿತು. ನಕ್ಕದ್ದಿರಬೇಕು. "ಸರಿಯಾಗಿ ಹೊತ್ಕೊಂಡು ಬಂದೆ ನೋಡು. ಒಂದು ಮರಳಿನ ಕಾಳೂ ಅಲುಗಾಡಿಲ್ಲ." ನೀರು ಗಂಟಲಿಗೆ ಇಳಿಯದೆ ಕೆನ್ನೆಯ ಮೇಲೆ ಹರಿಯಿತು. "ಇವತ್ತು ಬೆಳಿಗ್ಗೆ ಮೇಲೆ ಹಿಮ ತಿಂದೆ. ಬಾಟಲಿಗೆ ತುಂಬ್ಕೋಬೇಕಿತ್ತು."

ಥೇನ್ ರೇಡಿಯೊ ಒತ್ತಿದ. ಕಣಿವೆಯಲ್ಲಿ ರೇಡಿಯೊ ಕೆಲಸ ಮಾಡುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಇಬ್ಬರಿದ್ದಿದ್ದರೆ ಒಬ್ಬ ಮೇಲೆ ಹತ್ತಬಹುದಿತ್ತು, ಒಬ್ಬ ನೆರಳು ಹಿಡಿದು ಕೂರಬಹುದಿತ್ತು. ಅವನು ತನ್ನ ಅಂಗಿ ಬಿಚ್ಚಿ, ಎರಡು ಕೋಲಿಗೆ ಸಿಕ್ಕಿಸಿ ರೀಡ್‌ನ ಮುಖಕ್ಕೆ ನೆರಳು ಮಾಡಿದ. ಉಳಿದ ನೀರನ್ನು ಕೈಗೆಟಕುವಂತೆ ಇಟ್ಟ.

"ಮೇಲೆ ಹೋಗಿ ಹೆಲಿಕಾಪ್ಟರ್ ಕರೀತೀನಿ. ನಲವತ್ತು ನಿಮಿಷ."

"ಅವರಿಗೆ ಹಾದಿ ಗೊತ್ತಾಗಿಬಿಡುತ್ತಲ್ಲೋ."

"ಗೊತ್ತಾಗ್ಲಿ."

"ಛೆ," ಎಂದ ರೀಡ್. "ಇನ್ನೊಂದು ಚಳಿಗಾಲ ಕೆಲಸ ಬಾಕಿ ಇತ್ತು."

ಮೂರೂ ಐವತ್ತೊಂದಕ್ಕೆ ಬಂಡೆಹಾಸಿನ ಮೇಲಿಂದ ಥೇನ್‌ನ ದನಿ ರೇಡಿಯೊದಲ್ಲಿ ಬಂತು. ಇರುವ ಜಾಗ, ಗಾಯದ ಸ್ಥಿತಿ, ಎರಡನ್ನೂ ಹೇಳಿದ. ಆ ಜಾಗಕ್ಕೆ ಹಾದಿಯೇ ಇಲ್ಲವಲ್ಲ ಎಂದು ಲಮಾರ್ ಕೇಳಿದಾಗ, "ಇದೆ. ನಾವೇ ಮಾಡಿದ್ದು," ಎಂದ. ನಾಲ್ಕೂ ನಲವತ್ತಕ್ಕೆ ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಇಳಿದ ಶುಶ್ರೂಷಕಿಗೆ ರೀಡ್‌ನ ನಾಡಿ ಸಿಗಲಿಲ್ಲ. ಒಳಗೆ ರಕ್ತಸ್ರಾವ ಆಗಿತ್ತು, ಮೈ ನಲವತ್ತೊಂದು ಡಿಗ್ರಿ ಕಾದಿತ್ತು. ಎರಡು ಗಂಟೆ ಮೊದಲು ಆಸ್ಪತ್ರೆ ಸೇರಿದ್ದರೆ ಉಳಿಯುತ್ತಿದ್ದನೇ ಎಂಬ ಪ್ರಶ್ನೆಗೆ ಶವಪರೀಕ್ಷೆ ಮಾಡಿದ ವೈದ್ಯರು "ಸಾಧ್ಯತೆ ಇತ್ತು" ಎಂದು ಬರೆದಿದ್ದಾರೆ.

ನದಿ ದಂಡೆಯಲ್ಲಿ ಮೊದಲು ಮಾತಾಡಿದವಳು ವರ್ಲಾ. "ಪ್ರಪಾತ ಅಂದೆಯಲ್ಲೋ," ಎಂದಳು. ಗದರಲಿಲ್ಲ. "ನಾನು ಕೇಳಿದೆ, ನೀನು ಪ್ರಪಾತ ಅಂದೆ. ನಲವತ್ತು ವರ್ಷದಲ್ಲಿ ನಾನು ನೆಲ ಬಿಟ್ಟು ಮನುಷ್ಯನ ಮಾತು ನಂಬಿದ್ದು ಇವತ್ತೊಂದು ದಿನ."

ಥೇನ್ ಬರಿಮೈಯಲ್ಲಿ ನಿಂತಿದ್ದ. ಹೆಗಲು ಬಿಸಿಲಿಗೆ ಕೆಂಪಾಗಿತ್ತು. ಜೀಪಿನ ಬಾಗಿಲು ಹಿಡಿದು ನಿಂತಿದ್ದ ಜೋಲೀನ್ ಹತ್ತಿರ ಬಂದಳು.

"ನಿನಗೆ ಯಾವಾಗ ಗೊತ್ತಾಯ್ತು? ಅವನು ಅಲ್ಲಿದ್ದಾನೆ ಅಂತ?"

"ಜೋಲೀನ್, ಮೊದಲು ಕೂತ್ಕೋ," ಎಂದ ಲಮಾರ್.

"ನಿನ್ನನ್ನಲ್ಲ ಕೇಳಿದ್ದು. ಥೇನ್, ನಾನು ಕಲ್ಲಂಗಡಿ ಕೊಟ್ಟಾಗ ಗೊತ್ತಿತ್ತಾ?"

"ಇತ್ತು."

"ಅದಕ್ಕಿಂತ ಮುಂಚೆ?"

"ಹನ್ನೊಂದೂ ನಲವತ್ತಕ್ಕೆ," ಎಂದ ಥೇನ್. "ಫೋನ್ ಬಂದಾಗಲೇ."

ಅವಳು ಲೆಕ್ಕ ಹಾಕುವುದು ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಐಸ್ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ತಾನೇ ಎತ್ತಿ ಗಾಡಿಯ ಹಿಂಬದಿಯಲ್ಲಿಟ್ಟಳು. ಲಮಾರ್ ಸಹಾಯಕ್ಕೆ ಹೋದರೆ ಕೈ ತಳ್ಳಿದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಥೇನ್ ಶೆರಿಫ್ ಕಚೇರಿಗೆ ತಾನಾಗಿಯೇ ಹೋಗಿ ಮೂರು ಪುಟ ಹೇಳಿಕೆ ಕೊಟ್ಟ. ನಿಷೇಧಿತ ಜಾಗದಲ್ಲಿ ಹಾದಿ ಕಡಿದದ್ದಕ್ಕೆ ಮೊಕದ್ದಮೆ ದಾಖಲಾಯಿತು. ಬಂಡೆಯ ಮೇಲೆ ವರ್ಲಾಗೆ ಹೇಳಿದ ಮಾತಿನ ಬಗ್ಗೆ ವಿಚಾರಣೆ ನಡೆದಿದೆ. ಗುರುವಾರ ರೀಡ್‌ನ ಅಂತ್ಯಕ್ರಿಯೆ. ಬರಬೇಡ ಎಂದು ಥೇನ್‌ಗೆ ಯಾರೂ ಹೇಳಿರಲಿಲ್ಲ. ಅವನು ಹೋಗಲಿಲ್ಲ.