ಅತ್ತಿಗೆ ಗೆದ್ದ ಆಟ

"ಏ, ಆ ಕುರ್ಚಿಗೆ ಒರಗ್ಬೇಡ ಕಣೇ ಮುಂಡೇದೇ, ಅದರ ಬಟ್ಟೆ ಮಾಸುತ್ತೆ!"

ಮೇಸ್ತ್ರಿ ಗದರಿದ್ದು ಬೀದಿ ಗುಡಿಸುವವಳೊಬ್ಬಳನ್ನು. ಗುಂಪಿನವರೆಲ್ಲ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಅವಳು ದಡಬಡಿಸಿ ಏಳುವಷ್ಟರಲ್ಲಿ, ಆಟ ಆಡಿಸಲು ಬಂದಿದ್ದ ಮೇಡಂ ಓಡಿಬಂದು, "ಕೂತ್ಕೊಳ್ಳಿ ಅಮ್ಮಾ, ಚೆನ್ನಾಗಿ ಒರಗ್ಕೊಳ್ಳಿ" ಎಂದು ಭುಜ ಹಿಡಿದು ಕೂರಿಸಿದಳು. ಮೇಸ್ತ್ರಿ ಮುಖ ಹುಳ್ಳಗೆ ಮಾಡಿಕೊಂಡು ಬೀಡಿ ಸೇದಲು ಹೊರಗೆ ಹೋದ. ಅತ್ತಿಗೆಯ ಹೊಟ್ಟೆ ತಣ್ಣಗಾಯಿತು.

ಕಸದ ಗುತ್ತಿಗೆ ಹಿಡಿದ ಕಂಪನಿಯವರು ಒಂದೊಂದು ಪೇಟೆಯಿಂದ ಗುಡಿಸುವ ಒಬ್ಬೊಬ್ಬಳನ್ನು ಆಫೀಸಿಗೆ ಕರೆಸಿದ್ದರು. ಮೇಜಿನ ಮೇಲೆ ರಟ್ಟಿನ ಬೀದಿಗಳು, ಬಣ್ಣದ ಕಾಯಿಗಳು, ದಾಳ, ಒಂದು ಕಟ್ಟು ಚೀಟಿ. "ನಾಳೆ ಬರೋ ಯಂತ್ರ ಹೇಗಿರ್ಬೇಕು ಅಂತ ಅದರ ಜೊತೆ ದುಡಿಯೋರೇ ಹೇಳ್ಬೇಕು. ಅದಕ್ಕೇ ಈ ಆಟ" ಎಂದಳು ಮೇಡಂ. ಈಗಿನ ಯಂತ್ರ ಎಲ್ಲರ ಮಣಿಕಟ್ಟಿನಲ್ಲೇ ಇತ್ತು: ಕಂಪನಿಯ ವಾಚು. ಐದು ನಿಮಿಷ ಕೈ ಆಡದಿದ್ದರೆ ಕಿರುಚಿ, ಆಫೀಸಿಗೆ ಚಾಡಿ ಹೇಳುವ ದರಿದ್ರ ವಾಚು.

ಅತ್ತಿಗೆ ಎತ್ತಿದ ಚೀಟಿಯನ್ನು ಮೇಡಂ ಓದಿದಳು: 'ಯಂತ್ರಕ್ಕೆ ತಿಳಿಯದಂತೆ ನೀವು ಒಬ್ಬರಿಗೊಬ್ಬರು ಹೇಗೆ ನೆರವಾಗುತ್ತೀರಿ?'

ಹೇಳಬಾರದಿತ್ತು. ಆದರೆ ಇಪ್ಪತ್ತು ವರ್ಷ ಕಸ ಬಾಚಿದವಳ ಮಾತಿಗೆ ಹೀಗೆ ಕಿವಿಗೊಟ್ಟು ಕೂತವರು ಯಾರಿದ್ದರು? ನಾಲಿಗೆ ಲಂಗುಲಗಾಮಿಲ್ಲದೆ ಓಡಿತು.

"ನಾವು ನಾಕು ಜನ ಮೇಡಂ. ಗಂಟೆಗೊಬ್ಬಳು ನಾಕೂ ವಾಚು ಕಟ್ಕೊಂಡು ಗುಡಿಸ್ತಾಳೆ, ಮಿಕ್ಕೋರು ಗೋಡೆ ಹಿಂದೆ ಕೂತು ಸುಧಾರಿಸ್ಕೋತೀವಿ. ನನ್ನ ನಾದಿನಿ ಬಸುರಿ, ಅವಳಿಗೆ ಸರದೀನೇ ಇಲ್ಲ. ಮೇಸ್ತ್ರಿ ಬೋಳಿಮಗನಿಗೆ ಇವತ್ತಿಗೂ ಗೊತ್ತಿಲ್ಲ!"

ಉಳಿದ ಪೇಟೆಗಳ ಹೆಂಗಸರು ಮುಖ ಮುಖ ನೋಡಿಕೊಂಡರು. ಮೇಡಂ ಚಪ್ಪಾಳೆ ತಟ್ಟಿ ಒಂದಕ್ಷರ ಬಿಡದೆ ಬರೆದುಕೊಂಡಳು. ಆ ದಿನದ ಆಟ ಗೆದ್ದವಳು ಅತ್ತಿಗೆಯೇ.

ಮೂರು ವಾರಕ್ಕೆ ಹೊಸ ವಾಚು ಬಂತು. ಇದು ನಾಡಿ ಹಿಡಿಯುತ್ತದೆ. ಒಬ್ಬಳದನ್ನು ಇನ್ನೊಬ್ಬಳು ಕಟ್ಟಿದರೆ ಆ ಕ್ಷಣವೇ ಕಿರುಚುತ್ತದೆ.

"ನಿಮ್ಮೋರನ್ನೇ ಕೇಳಿ ಮಾಡಿಸಿರೋದು ಕಣ್ರೇ" ಎಂದು ಮೇಸ್ತ್ರಿ ಹಲ್ಲು ಕಿರಿದ.

"ನೀನು ಹೋಗಿದ್ಯಲ್ಲ ಅತ್ತಿಗೆ, ಯಾವಳು ಬಾಯಿಬಿಟ್ಟಿದ್ದು?" ಎಂದು ನಾದಿನಿ ಕೇಳಿದಳು.

"ಆ ಕಡೆ ಪೇಟೆಯೋಳು ಯಾವಳೋ ಕಣೇ."

"ಅವಳ ಬಾಯಿಗೆ ಹುಳ ಬೀಳ!"

"ಬೀಳ್ಲಿ" ಎಂದಳು ಅತ್ತಿಗೆ.

ಎಂಟು ತಿಂಗಳ ಹೊಟ್ಟೆ ಹೊತ್ತು ನಾದಿನಿ ಗುಡಿಸಿದಳು. ಪಾದ ಊದಿ ಚಪ್ಪಲಿ ಹಿಡಿಸದೆ ಬರಿಗಾಲಲ್ಲಿ ಬಂದಳು. ಅವಳ ಪಾಲಿನ ಬೀದಿಯನ್ನೂ ಅತ್ತಿಗೆಯೇ ಗುಡಿಸಿದರೂ ಏನು ಬಂತು, ವಾಚಿಗೆ ನಾದಿನಿಯ ಕೈ ಆಡಲೇಬೇಕು. ಒಂದು ಮಧ್ಯಾಹ್ನ ಅವಳು ಗೋಡೆಗೆ ಆತುಕೊಂಡಳು. ವಾಚು ಕಿರುಚಿತು.

"ಬಸುರಾಗೋವಾಗ ನನ್ನ ಕೇಳಿದ್ಯೇನೇ?" ಮೇಸ್ತ್ರಿ ಎಗರಾಡಿದ. "ಇನ್ನೊಂದ್ಸಲ ಕೂಗಿದ್ರೆ ನಾಳೆಯಿಂದ ಬರ್ಬೇಡ!"

ನಾದಿನಿ ತುಟಿ ಕಚ್ಚಿ ಪೊರಕೆ ಎತ್ತಿಕೊಂಡಳು. "ಆ ಪೇಟೆಯೋಳು ಸಿಗ್ಲಿ ಅತ್ತಿಗೆ, ಇದ್ರಲ್ಲೇ ಬಾರಿಸ್ತೀನಿ."

"ಅವಳಲ್ಲ ಕಣೇ" ಎಂದಳು ಅತ್ತಿಗೆ. "ನಾನು. ನಾನೇ ಹೇಳಿದ್ದು. ಹೊಗಳಿದ್ರು, ಉಬ್ಬಿಹೋಗಿ ಹೇಳ್ಬಿಟ್ಟೆ."

ನಾದಿನಿ ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಗೋಡೆ ಹಿಡಿದು ಮತ್ತೆ ಗುಡಿಸತೊಡಗಿದಳು.

ಅತ್ತಿಗೆ ಪೊರಕೆ ಬಿಸಾಕಿ ನಡುಬೀದಿಯಲ್ಲಿ ಕೂತುಬಿಟ್ಟಳು. ಐದು ನಿಮಿಷಕ್ಕೆ ವಾಚು ಕಿರುಚಿತು. ಲಾರಿಯವನು ಹಾರ್ನ್ ಹೊಡೆದ.

"ಏಳೇ ಲೌಡಿ!" ಮೇಸ್ತ್ರಿ ಅರಚಿದ.

"ಏಳಲ್ಲ ಕಣೋ. ಇವಳನ್ನ ಕೂರಿಸೋವರೆಗೂ ಏಳಲ್ಲ. ನಿನ್ನ ಆಟದೋರ್ನ ಕರ್ಸು, ಇದನ್ನೂ ಬರ್ಕೊಳ್ಲಿ!"

ಗುಂಪಿನ ಉಳಿದಿಬ್ಬರೂ ಬಂದು ಪಕ್ಕದಲ್ಲಿ ಕೂತರು. ಕೊನೆಗೆ ನಾದಿನಿಯೂ ಬಂದಳು. ಆಸರೆಗೆಂದು ಅತ್ತಿಗೆ ಕೈ ಚಾಚಿದಳು. ನಾದಿನಿ ಆ ಕೈಯನ್ನು ತಳ್ಳಿ, ನೆಲಕ್ಕೆ ಕೈಯೂರಿ, ಅವಳಿಗೆ ಬೆನ್ನು ಹಾಕಿ ಕೂತಳು.