ಒಬ್ಬಳಿಗೆ ಜಾಗ

"ಇಬ್ಬರಲ್ಲಿ ಒಬ್ಬಳನ್ನ ಇಟ್ಕೊಳ್ತೀನಿ ಟೀಚರ್. ಆ ಉದ್ದಜಡೆಯವಳನ್ನ," ಎಂದಳು ಲಾಂಡ್ರಿಯ ಮೇಲ್ವಿಚಾರಕಿ.

ಟೀಚರ್ ಬಾಗಿಲಿನಿಂದ ಒಳಗೆ ನೋಡಿದರು. ಹಬೆ ತುಂಬಿದ ಕೋಣೆಯಲ್ಲಿ ಅವರ ವಿಶೇಷ ಶಾಲೆಯ ಹುಡುಗಿಯರಿಬ್ಬರೂ ಆಸ್ಪತ್ರೆಯ ಹಾಸುಬಟ್ಟೆಯ ತುದಿಗಳನ್ನು ಹಿಡಿದು, ಕೊಡವಿ, ಹತ್ತಿರ ಬಂದು ಮಡಚುತ್ತಿದ್ದರು. ಶಾಲೆ ಮುಗಿಸಿ ಕೆಲಸ ಕಲಿಯಲು ಬಂದವರು. ಉದ್ದಜಡೆಗೆ ಕಿವಿ ಕೇಳಿಸದು, ಕೈ ಮಾತ್ರ ಬಲು ಚುರುಕು. ಇನ್ನೊಬ್ಬಳಾದ ಗುಬ್ಬಿಗೆ ಇರುವೆ ನಡೆದರೂ ಕೇಳಿಸುತ್ತದೆ, ತಲೆಗೆ ಹತ್ತುವುದು ನಿಧಾನ. ಒಂದೇ ಬೆಂಚಿನಲ್ಲಿ ಬೆಳೆದವರು. ಇಬ್ಬರೂ ಸೇರಿದರೆ ಒಂದೂವರೆ ಆಳಿನ ಕೆಲಸ, ಮೂರು ಆಳಿನ ನಗು ಎಂದು ಶಾಲೆಯ ಆಯಾ ಹೇಳುತ್ತಿದ್ದಳು.

"ಜೊತೇಲಿದ್ರೇನೇ ಅವರಿಗೆ ಕೆಲಸ ಆಗೋದು. ಒಂದೇ ಸಂಬಳ ಹಂಚಿ ಕೊಡಿ ಬೇಕಾದ್ರೆ."

"ನನಗೇನು ಆಸೆ ಇಲ್ವಾ ಟೀಚರ್? ಮೇಲಿನವರು ತಲೆ ಎಣಿಸ್ತಾರೆ."

ಗುಬ್ಬಿಯನ್ನು ನೀರಿನ ನಲ್ಲಿಯ ಬಳಿ ಕರೆದ ಟೀಚರ್, ಮೂಗಿಗೆ ತುಪ್ಪ ಸವರಲು ಮನಸ್ಸು ಬಾರದೆ ಇದ್ದದ್ದನ್ನು ಇದ್ದಹಾಗೆ ಹೇಳಿದರು.

"ನಾನು ತಪ್ಪಾಗಿ ಮಡಚಿದ್ನಾ ಮಿಸ್?"

"ಇಲ್ಲ ಕಂದಾ. ನಿಧಾನ ಅಂತೆ."

"ಬೇಗ ಮಾಡ್ತೀನಿ ಅಂತ ಹೇಳಿ."

ಟೀಚರ್ ಇಲ್ಲವೆಂದು ತಲೆಯಾಡಿಸಿದರು. ಗುಬ್ಬಿ ಒಳಗಿದ್ದ ಗೆಳತಿಯ ಕಡೆ ತಿರುಗಿ ನೋಡಿದಳು.

"ಊಟದ ಗಂಟೆ ಹೊಡೆದಾಗ ಅವಳಿಗೆ ಯಾರು ಹೇಳ್ತಾರೆ?"

ಉತ್ತರಕ್ಕೆ ಕಾಯದೆ ನೆಟ್ಟಗೆ ಮೇಲ್ವಿಚಾರಕಿಯ ಹತ್ತಿರ ಹೋದಳು. "ಹಿಂದಿನಿಂದ ಮುಟ್ಟಬೇಡಿ ಆಂಟಿ, ಬೆಚ್ಚಿ ಬೀಳ್ತಾಳೆ. ಮುಂದೆ ಬಂದು ಹೀಗೆ ಕೈ ಬೀಸಿ. ಎಲ್ಲಿ, ನೀವು ಮಾಡಿ." ಮೇಲ್ವಿಚಾರಕಿ ಮಾಡಿದಳು. ಸಾಲದೆಂದು ಗುಬ್ಬಿ ಮತ್ತೊಮ್ಮೆ ಮಾಡಿಸಿದಳು.

ಉದ್ದಜಡೆಗೆ ಮುಖ ಓದುವುದು ಗೊತ್ತು. ಗುಬ್ಬಿ ಚೀಲ ಹೆಗಲಿಗೇರಿಸಿದ್ದು ಕಂಡದ್ದೇ ತಡ, ಬಟ್ಟೆ ಕೈಬಿಟ್ಟು ಓಡಿಬಂದು ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು. ಗುಬ್ಬಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಗೆಳತಿಯನ್ನು ಮೇಜಿನ ಕಡೆ ತಿರುಗಿಸಿ ಬೆನ್ನು ತಳ್ಳಿದಳು. ನೆಲಕ್ಕೆ ಬಿದ್ದ ತುದಿಯನ್ನು ಇನ್ಯಾರೋ ಹೆಂಗಸು ಎತ್ತಿಕೊಂಡಳು.

ಹೊರಗೆ ರಸ್ತೆಯಲ್ಲಿ ಲಾರಿಗಳು ಮೈಗೆ ತಾಗುವಂತೆ ಓಡುತ್ತಿದ್ದವು. "ಈ ಕಡೆ ಬಾ ಮಗು, ಗೋಡೆ ಪಕ್ಕ ನಡಿ," ಎಂದರು ಟೀಚರ್.

ಗುಬ್ಬಿ ಬರಲಿಲ್ಲ. ಕೇಳಿಸದವಳನ್ನು ಗೋಡೆಯ ಕಡೆ ಬಿಟ್ಟು ತಾನು ವಾಹನಗಳ ಕಡೆ ನಡೆಯುವುದು ಅವಳ ರೂಢಿ. ಇಂದೂ ಹಾಗೆಯೇ, ಪಕ್ಕದಲ್ಲಿ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು ನಡೆದಳು.