ಮೊದಲ ಗುಡಾಣ

“ಇಳಿಸ್ಬೇಡ ಕಣೇ ಲೌಡಿ! ತಲೆ ಮೇಲಿಂದ ಆ ಗುಡಾಣ ಇಳೀತು ಅಂದ್ರೆ ನಿನ್ ಗಂಡನ ಬೆನ್ ಮ್ಯಾಲೆ ಇನ್ನೂ ಹತ್ತು ಬೀಳ್ತವೆ. ಹಂಗೇ ನಿಂತ್ಕೊ!”

ಕ್ವಾಕ್ ದೊರೆ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂಗಿದ. ಅವನ ಕುದುರೆ ಕೂದಲಿನ ಟೋಪಿ ಎಷ್ಟು ಎತ್ತರವೆಂದರೆ, ಬಾಗಿಲಲ್ಲಿ ಮೊದಲು ದೊರೆ ಒಳಗೆ ಹೋಗಿ, ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಟೋಪಿ ಒಳಗೆ ಬರುತ್ತಿತ್ತು ಎಂದು ಬೆಟ್ಟದ ಕುಂಬಾರರು ಆಡಿಕೊಳ್ಳುತ್ತಿದ್ದರು.

ಅಗಾತಾ ಅಂಗಳದ ಬಿಸಿಲಲ್ಲಿ ಹಾಗೇ ನಿಂತಳು. ತಲೆಯ ಮೇಲೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಕರು ಮಲಗುವಷ್ಟು ದೊಡ್ಡ ಗುಡಾಣ. ಬೆಳಿಗ್ಗೆ ಬೆಟ್ಟದಲ್ಲಿ ಮಡಕೆ ಸುಡುವ ಆವಿಗೆಯಿಂದ ಹೊತ್ತು ತಂದದ್ದು. ಕುತ್ತಿಗೆ ಆಗಲೇ ಅರ್ಧ ಹೆಗಲೊಳಗೆ ಇಳಿದಿತ್ತು. ಇನ್ನೊಂದು ಗಳಿಗೆ ನಿಂತರೆ ಗಲ್ಲ ಹೋಗಿ ಮೊಣಕಾಲಿಗೆ ಮುಟ್ಟುತ್ತದೆ ಎನ್ನಿಸಿ ಅವಳಿಗೇ ನಗು ಬಂತು. ನಗಲಿಲ್ಲ. ಎದುರಿಗೆ ಅವಳ ಗಂಡ ತೋಮಾ ಹಿಂಗೈ ಕಟ್ಟಿಸಿಕೊಂಡು ಬೋರಲು ಬಿದ್ದಿದ್ದ. ಬೆನ್ನು ಬಾತುಹೋಗಿತ್ತು.

“ಲೇ ಅಮ್ಮಿ,” ಅಂದ ತೋಮಾ, ಮಣ್ಣಿನಿಂದ ಬಾಯಿ ಎತ್ತಿ, “ಇದು ನಮ್ ಕಡೆ ಮಣ್ಣಲ್ಲ ಕಣೇ. ಬರೀ ಮರಳು. ಇದ್ರಾಗೆ ಒಂದ್ ಬಟ್ಲೂ ಆಗಾಕಿಲ್ಲ.”

“ಮುಚ್ಚೋ ಬಾಯಿ, ಸೂಳೆಮಗನೆ!” ಭಟನೊಬ್ಬ ದೊಣ್ಣೆಯಲ್ಲಿ ತಿವಿದ.

ಆಗಿದ್ದು ಇಷ್ಟೆ. ರಾಜಧಾನಿಯಲ್ಲಿ ಪಾದ್ರಿಗಳ ತಲೆ ಹಾರಿಸುತ್ತಿದ್ದ ವರ್ಷ ಅದು. ಯೇಸುವನ್ನು ನಂಬಿದ ಏಳು ಮನೆಯವರು ಮೂವತ್ತು ವರ್ಷದ ಹಿಂದೆಯೇ ಬೆಟ್ಟ ಹತ್ತಿ ಕುಂಬಾರರಾಗಿದ್ದರು. ಕುಂಬಾರನ ನೆರಳು ಬಿದ್ದರೂ ಮುಖ ತೊಳೆಯುವ ದೊಡ್ಡ ಜನ ಅಲ್ಲಿಗೆ ಬರುತ್ತಿರಲಿಲ್ಲವಾದ್ದರಿಂದ ಆ ಕಸುಬಿನಷ್ಟು ಸುರಕ್ಷಿತ ಜಾಗ ಬೇರೆ ಇರಲಿಲ್ಲ. ಹೊಂಡದಲ್ಲಿ ಮಣ್ಣು ತುಳಿಯುತ್ತ ಒಂದು ಹೆಜ್ಜೆಗೆ ಒಂದು ಜಪ ಹೇಳುತ್ತಿದ್ದರು. ಪ್ರತಿ ಆವಿಗೆಗೆ ತಿಗರಿಯ ಮೇಲೆ ಎದ್ದ ಮೊದಲ ಗುಡಾಣ ಮೇಲಿನ ಒಡೆಯನದು. ಅದರ ಬುಡದಲ್ಲಿ, ಹಸಿ ಇರುವಾಗಲೇ, ತೋಮಾ ಹೆಬ್ಬೆರಳಿನಿಂದ ಒಂದು ಶಿಲುಬೆ ಎಳೆಯುತ್ತಿದ್ದ. ಬುಡ ತಿರುಗಿಸಿ ನೋಡುವವರು ಯಾರು?

ಆದರೆ ತೋಮಾನಿಗೆ ವಯಸ್ಸಾಗಿತ್ತು. ಈ ಸಲ ಮೊದಲ ಗುಡಾಣಕ್ಕೆ ಗುರುತು ಹಾಕಿದ್ದು ಮರೆತು ಏಳನೆಯದಕ್ಕೂ ಹಾಕಿಬಿಟ್ಟ. ಆ ಏಳನೆಯದನ್ನೇ ಬೆನ್ನಿಗೆ ಕಟ್ಟಿಕೊಂಡು ಸಂತೆಗೆ ಹೋದ. ಸಂತೆಯ ಕೆಸರಲ್ಲಿ ಜಾರಿದ. ಗುಡಾಣ ಒಡೆದು, ಬುಡ ಮಾತ್ರ ಚಪ್ಪಟೆಯಾಗಿ, ಆಕಾಶ ನೋಡುತ್ತ, ಸರಿಯಾಗಿ ಭಟರ ಕಾಲಬುಡದಲ್ಲೇ ಬಿತ್ತು.

ಊರಿನ ಕಂಬಕ್ಕೆ ಕ್ವಾಕ್ ದೊರೆ ತಾನೇ ಬರೆದು ಅಂಟಿಸಿದ ಆಜ್ಞೆ ಇತ್ತು. ಯಾರ ಮನೆಯಲ್ಲಿ ಶಿಲುಬೆ ಸಿಕ್ಕಿದರೂ ಅದು ಕಿರಿಸ್ತಾನರ ಮನೆ, ಯಜಮಾನನ ತಲೆ ಪಟ್ಟಣಕ್ಕೆ. ರಾಜಧಾನಿಯಲ್ಲಿ ಒಂದು ಹುದ್ದೆ ಹಿಡಿಯಲು ದೊರೆ ಮಾಡಿದ ಸೇವೆ ಅದು. ಈಗ ತೋಮಾನ ತಲೆ ಒಯ್ಯಲು ಪಟ್ಟಣದಿಂದ ಅಮಲ್ದಾರ ಬಂದು, ಜಗಲಿಯ ಮೇಲೆ ಅಕ್ಕಿ ಕಡುಬನ್ನು ಜಾಂಗಿನಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ.

“ಹೆಂಗಿದೆ ನಮ್ಮನೆ ಜಾಂಗ್?” ದೊರೆ ಬಾಗಿ ಕೇಳಿದ. ಜಾಂಗ್ ಎಂದರೆ ಸೋಯಾ ಅವರೆಯನ್ನು ಹುಳಿಸಿ, ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಬಿಸಿಲಿಗಿಟ್ಟ ಕಪ್ಪು ರಸ. ಅಂಗಳದ ಮೂಲೆಯ ಕಲ್ಲುಕಟ್ಟೆಯ ಮೇಲೆ ಸಾಲುಸಾಲು ಗುಡಾಣಗಳಲ್ಲಿ ಅದು ತುಂಬಿತ್ತು. “ನಮ್ಮಜ್ಜನ ಕಾಲದ್ದು. ವರ್ಷಾ ವರ್ಷಾ ಹೊಸದಕ್ಕೆ ಹಳೇದು ಬೆರೆಸ್ತೀವಿ. ಇದನ್ನ ತಿಂದೋನು ಅರಮನೆ ಊಟಾನೂ ಉಗೀತಾನೆ.”

“ಬೇಷ್,” ಅಂದ ಅಮಲ್ದಾರ, ಬೆರಳು ಚೀಪಿ.

ದೊರೆ ಕೆಳಗಿಳಿದು ಸಂತೆಯಲ್ಲಿ ಸಿಕ್ಕ ಆ ಶಿಲುಬೆಯ ಬೋಕಿಯನ್ನು ಕಾಲಿನಿಂದ ಅಗಾತಾಳ ಮುಂದೆ ತಳ್ಳಿದ.

“ಕೇಳ್ಕೊಳೇ. ಇದ್ರ ಮೇಲೆ ಉಗಿ. ಮ್ಯಾಲೆ ಯಾವ ಒಡೆಯಾನೂ ಇಲ್ಲ ಅನ್ನು. ಇನ್ಯಾರ್ ಯಾರ ಮನೇಲಿ ಈ ದರಿದ್ರ ಐತೆ ಹೇಳು. ನಿನ್ ಮುದುಕನ್ನ ಬಿಡ್ತೀನಿ. ಇಲ್ಲಾಂದ್ರೆ ಸಂಜೆ ಒಳಗೆ ತಲೆ ಒಂದ್ಕಡೆ, ಮುಂಡ ಒಂದ್ಕಡೆ.”

ಅಗಾತಾ ತೋಮಾನ ಕಡೆ ನೋಡಿದಳು. ಮೂವತ್ತು ವರ್ಷ ಒಂದೇ ಹೊಂಡದಲ್ಲಿ ಮಣ್ಣು ತುಳಿದ ಕಾಲುಗಳು ಧೂಳಿನಲ್ಲಿ ಚಾಚಿಕೊಂಡಿದ್ದವು. ಹಿಮ್ಮಡಿಯ ಬಿರುಕಿನಲ್ಲಿ ಬೆಟ್ಟದ ಕೆಂಪು ಮಣ್ಣು ಇನ್ನೂ ಇತ್ತು. ಒಂದು ಸಲ ಉಗಿದರೆ ಆ ಕಾಲುಗಳು ಎದ್ದು ನಡೆದು ಮನೆಗೆ ಬರುತ್ತವೆ. ಬಾಯಿ ತುಂಬ ನೀರು ಬಂದಂತಾಯಿತು. ತೋಮಾ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಅವಳು ಬಂದದ್ದನ್ನು ನುಂಗಿಕೊಂಡಳು.

“ಮನೆ ಹೇಳ್ಲಾ ಬುದ್ದಿ?”

“ಹೇಳು ಹೇಳು! ಬರ್ಕೊಳ್ಳಿ ಅಮಲ್ದಾರ್ರೇ!”

“ಒಂದು ಮನೆ ಐತೆ ಬುದ್ದಿ. ದೊಡ್ಡ ಮನೆ. ಒಂದಲ್ಲ ಎಲ್ಡಲ್ಲ, ಮೂವತ್ತೊಂದು ಶಿಲುಬೆ ಅವೆ ಅಲ್ಲಿ.”

ದೊರೆಯ ಬಾಯಲ್ಲಿ ಜೊಲ್ಲು ಬಂತು. ಮೂವತ್ತೊಂದು! ಇಷ್ಟಕ್ಕೆ ರಾಜಧಾನಿಯ ಹುದ್ದೆಯೇನು, ರಾಜನ ಪಕ್ಕದಲ್ಲಿ ಚಾಪೆಯೇ ಸಿಕ್ಕೀತು.

“ಯಾವ ಬೋಳಿಮಗನ ಮನೆಯೇ ಅದು?”

“ಇದೇ ಮನೆ ಬುದ್ದಿ.”

ನೆಲದಿಂದ ಒಂದು ಸದ್ದು ಬಂತು. ತೋಮಾ ಮಣ್ಣಿನೊಳಗೆ ಮುಖ ಹುದುಗಿಸಿ ನಗುತ್ತಿದ್ದ.

“ಆವಿಗೇಲಿ ಮೊದ್ಲು ಆಗೋ ಗುಡಾಣ ನಂದು ಅಂದೋರು ನೀವೇ ಅಲ್ವಾ ಬುದ್ದಿ? ಬೆಟ್ಟದ ಮಣ್ಣು ತೆಗೆಯೋಕೆ ಬಾಡಿಗೆ ಅಂತ? ಮೊದ್ಲನೇದು ಮ್ಯಾಲಿನ ಒಡೆಯಂದು ಅಂತ ನಾವು ಗುರುತು ಹಾಕಿ ಮಡಗ್ತಿದ್ವಿ. ನಿಮ್ ಆಳು ಬಂದು ಹೊತ್ಕೊಂಡು ಹೋಗ್ತಿದ್ದ. ವರ್ಷಕ್ಕೆ ಎಲ್ಡು ಆವಿಗೆ, ಹದಿನಾರು ವರ್ಷ. ಈ ಸಲದ್ದು ನಾನೇ ಹೊತ್ಕೊಂಡು ಬಂದಿವ್ನಿ, ನನ್ ತಲೆ ಮ್ಯಾಲಿಂದು ಮೂವತ್ತೆರಡ್ನೇದು.”

“ಸುಳ್ಳು! ಹುಚ್ಚು ಮುಂಡೆ, ಸುಳ್ಳು ಬೊಗಳ್ತಾಳೆ!”

ಅಮಲ್ದಾರ ಕಡುಬಿನ ತಟ್ಟೆ ಕೆಳಗಿಟ್ಟ. ದೊರೆಯ ಹೆಂಚಿನ ಮಾಡು, ಕೊಟ್ಟಿಗೆ, ಕಣಜ ಎಲ್ಲವನ್ನೂ ಒಂದು ಸುತ್ತು ನೋಡಿದ. ಮುಖ ಬೆಳಗಿತು.

“ತಿರುಗ್ಸಿ ನೋಡಿದ್ರೆ ಗೊತ್ತಾಗ್ತದಲ್ಲ,” ಅಂದ.

“ತುಂಬಿವೆ ಸ್ವಾಮಿ! ಅಜ್ಜನ ಕಾಲದ ಜಾಂಗ್!”

“ತಿರುಗ್ಸ್ರೋ.”

ನಾಲ್ಕು ಜನ ಭಟರು ಸೇರಿ ಮೊದಲನೆಯದನ್ನು ಉರುಳಿಸಿದರು. ಕಪ್ಪು ರಸ ಗುಳುಗುಳು ಎಂದು ಕಟ್ಟೆ ಇಳಿಯಿತು. ಬುಡದಲ್ಲಿ ತೋಮಾನ ಹೆಬ್ಬೆರಳು ಎಳೆದ ಎರಡು ಗೆರೆ. ಎರಡನೆಯದು. ಅದರಲ್ಲೂ. ಒಳಮನೆಯಲ್ಲಿ ಹೆಂಗಸರು ಸತ್ತವರಿಗೆ ಅಳುವಂತೆ ಅತ್ತರು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ದೊರೆಗೆ ಬುದ್ಧಿ ಓಡಿತು. ಭಟನ ದೊಣ್ಣೆ ಕಸಿದುಕೊಂಡು, ಟೋಪಿ ಒಂದು ಕಡೆ ಹಾರಿ, ತಾನು ಒಂದು ಕಡೆ ಹಾರಿ, ಉಳಿದ ಗುಡಾಣಗಳನ್ನೆಲ್ಲ ಚಚ್ಚತೊಡಗಿದ. ಗುರುತೇ ಇಲ್ಲದಿದ್ದರೆ ಶಿಲುಬೆ ಎಲ್ಲಿಯದು?

ಆದರೆ ಕುಂಬಾರ ಗುಡಾಣದ ಬುಡವನ್ನು ದಪ್ಪ ಬಡಿದಿರುತ್ತಾನೆ. ಹೊಟ್ಟೆ ಒಡೆಯಿತು, ಕಂಠ ಒಡೆಯಿತು. ಬುಡ ಒಡೆಯಲಿಲ್ಲ. ದೊಣ್ಣೆ ಮುರಿಯಿತು. ಭಟರು ಒಂದೊಂದನ್ನೇ ಮಗುಚಿದರು. ಮೂವತ್ತೊಂದು ಬುಡಗಳೂ ಜಾಂಗಿನ ಕೆಸರಲ್ಲಿ ಬಿಸಿಲಿಗೆ ಹೊಳೆಯುತ್ತ ಆಕಾಶ ನೋಡಿದವು.

“ಕ್ವಾಕ್ ದೊರೆಗಳೇ,” ಅಮಲ್ದಾರ ಮೆತ್ತಗೆ ಅಂದ, “ಕಂಬದ ಮೇಲಿನ ಬರಹ ನಿಮ್ಮದೇ ಅಲ್ವಾ?”

ದೊರೆ ಒಂದು ಕ್ಷಣವೂ ತಡಮಾಡಲಿಲ್ಲ. ಮೊಣಕಾಲೂರಿ, ಮೊದಲ ಬುಡದ ಮೇಲೆ ಥೂ ಎಂದು ಉಗಿದ. ಎರಡನೆಯದಕ್ಕೆ ಥೂ. ಮೂರನೆಯದಕ್ಕೆ ಥೂ. “ಮ್ಯಾಲೆ ಒಡೆಯ ಇಲ್ಲ, ಥೂ! ಯೇಸು ಇಲ್ಲ, ಥೂ!” ಯಾರೂ ಕೇಳದಿದ್ದರೂ ಇನ್ನೂ ಏನೇನೋ ಇಲ್ಲವೆಂದ. ಹನ್ನೊಂದನೆಯದಕ್ಕೆ ಬಾಯಿ ಒಣಗಿತು. “ನೀರು, ನೀರು,” ಎಂದು ಆಳಿಗೆ ಕೈ ಮಾಡಿ, ಕುಡಿದು, ಮತ್ತೆ ಹನ್ನೆರಡರಿಂದ ಶುರುಮಾಡಿದ. ಎರಡು ತಂಬಿಗೆ ನೀರು ಖರ್ಚಾಯಿತು.

“ದೊರೆಗಳು ಶುದ್ಧ,” ಅಂದ ಅಮಲ್ದಾರ. “ಉಳಿದದ್ದನ್ನ ಒಳಗೆ ಕೂತು ಮಾತಾಡೋಣ.” ಅಗಾತಾಳ ಕಡೆ ತಿರುಗಿದ. “ನೋಡ್ದಾ? ದೊಡ್ಡೋರು ಎಷ್ಟು ಸಲೀಸಾಗಿ ಉಗಿದ್ರು. ನೀನು ಒಂದೇ ಒಂದು ಸಲ ಉಗಿ. ಮುದುಕನ್ನ ಕರ್ಕೊಂಡು ಹೋಗು.”

“ಬಾಯಲ್ಲಿ ಉಗುಳಿಲ್ಲ ಬುದ್ದಿ. ಬೆಳಗ್ಗಿಂದ ಬಿಸ್ಲಲ್ಲಿ ನಿಂತಿವ್ನಿ.”

“ನೀರು ಕೊಡ್ಸ್ತೀನಿ.”

“ಕುಡೀತೀನಿ. ಉಗಿಯಾಕಿಲ್ಲ.”

“ಗಂಡ ಸಾಯ್ತಾನಲ್ಲೇ!”

“ದೊರೆಗಳಿಗೇನು ಬುದ್ದಿ, ಅವ್ರ ಒಳಗೆ ಏನೂ ಇರ್ಲಿಲ್ಲ, ಉಗಿದ್ರು.” ಅವಳ ದನಿ ಒಮ್ಮೆ ಒಡೆಯಿತು, ಮತ್ತೆ ಕೂಡಿಕೊಂಡಿತು. “ನಾನು ಉಗಿದ್ರೆ ಇವನು ಮನೆಗೆ ಬತ್ತಾನೆ. ಆಮ್ಯಾಕೆ ಯಾವ ಮೊಕ ಇಟ್ಕೊಂಡು ಇವನ ಜೊತೆ ಮಣ್ಣು ತುಳೀಲಿ?”

“ಇವಳನ್ನೂ ಕಟ್ರೋ,” ಅಂದ ಅಮಲ್ದಾರ.

ಆಗ ಅಗಾತಾ ಯಾರನ್ನೂ ಕೇಳದೆ ತಲೆಯ ಮೇಲಿನ ಗುಡಾಣ ಇಳಿಸಿದಳು. ದೊರೆ ಚಪ್ಪಲಿ ಬಿಡುವ ಕಲ್ಲಿನ ಮೇಲೆ ಅದನ್ನು ಬಾಯಿ ಕೆಳಗೆ ಮಾಡಿ ಮಗುಚಿ ಇಟ್ಟಳು. ಮೂವತ್ತೆರಡನೆಯ ಶಿಲುಬೆ ಜಗಲಿಯ ಮಟ್ಟಕ್ಕೆ ಎದ್ದು ನಿಂತಿತು. ಅಂಗಿಯ ತೋಳಿನಿಂದ ಅದರ ಧೂಳು ಒರೆಸಿ, ಕೈ ಚಾಚಿದಳು. ಮುಂಗೈ ಕಟ್ಟಿದರು.

ಗಂಡ ಹೆಂಡತಿಯನ್ನು ಒಂದೇ ಹಗ್ಗದಲ್ಲಿ ಹೊರಗೆ ನಡೆಸಿದರು. ಅವರಿಗಿಂತ ಮುಂಚೆ ಜಾಂಗ್ ಹೊರಟಿತ್ತು. ಹೊಸ್ತಿಲ ಕೆಳಗೆ ನುಸುಳಿ ಬೀದಿಗಿಳಿದು, ಇಳಿಜಾರಿನ ಗುಂಡಿಗಳಲ್ಲಿ ಕಪ್ಪಾಗಿ ನಿಂತಿತ್ತು. ಕೂಲಿಯವರು, ಚಮ್ಮಾರರು, ಯಾರು ಯಾರೋ ಸೋರೆ ಬುರುಡೆ ಹಿಡಿದು ಓಡಿ ಬಂದು ಬಾಚಿಕೊಳ್ಳುತ್ತಿದ್ದರು. ಇವರನ್ನು ಕಂಡು ಬುರುಡೆ ಕೆಳಗಿಟ್ಟು ಎದ್ದು ನಿಂತರು. ಒಬ್ಬ ಮುದುಕಿ ತುಟಿ ಅಲುಗಿಸುತ್ತ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಳು, ಹೊಂಡದಲ್ಲಿ ಮಣ್ಣು ತುಳಿಯುವ ಹಾಗೆ.

ಭಟ ಹಗ್ಗ ಜಗ್ಗಿದ. ಅಗಾತಾ ಮುಗ್ಗರಿಸಿದಂತೆ ಬಾಗಿ, ಒಂದು ಗುಂಡಿಯಲ್ಲಿ ಬೆರಳದ್ದಿ, ತೋಮಾನ ಬಾಯಿಗಿಟ್ಟಳು.

“ಹೆಂಗೈತೆ?”

ತೋಮಾ ನಾಲಿಗೆ ಚಪ್ಪರಿಸಿ ಯೋಚಿಸಿದ. ಪಟ್ಟಣದ ದಾರಿ ಇನ್ನೂ ಉದ್ದವಿತ್ತು.

“ಚಂದಾಗೈತೆ ಕಣೇ,” ಅಂದ. “ಗುಡಾಣ ಒಳ್ಳೇದಿತ್ತು.”